ಸಿಂಕಿನ ಕೆಳಗಿನ ತಟ್ಟೆ

ನನ್ನ ಅತ್ತಿಗೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ಬಲ್ಲವಳಾದರೂ ಆ ಹೆಸರನ್ನು ಒಂದು ಸಲವೂ ಸರಿಯಾಗಿ ಹೇಳಲು ನಾನು ಕಲಿಯಲಿಲ್ಲ. ಬದುಕಿದ್ದಾಗ ಬಾಯಿಗೆ ಬಾರದಿದ್ದ ಹೆಸರನ್ನು ಸತ್ತ ಮೇಲೆ ಕಾಗದದ ಮೇಲೆ ಚಂದವಾಗಿ ಬರೆದರೆ ಅದೂ ಒಂದು ನಾಟಕವೇ. ಅವಳು ಥಾಯ್ಲೆಂಡಿನವಳು, ನನ್ನ ಅಣ್ಣನ ಹೆಂಡತಿ. ಅತ್ತಿಗೆಯನ್ನು ಬಹುವಚನದಲ್ಲಿ ಮಾತನಾಡಿಸುವುದು ನಮ್ಮ ಮೈಸೂರು ಕಡೆಯ ರೀತಿ. ನಾನು ಮೊದಲ ದಿನದಿಂದ ಬೆನ್ನ ಹಿಂದೆ ‘ಅವಳು’ ಎಂದೇ ಅಂದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಈಗ ಮರ್ಯಾದೆ ಸೇರಿಸಿದರೆ ಅದು ಅವಳಿಗೆ ತಲುಪುವುದಿಲ್ಲ.

ಕನ್ನಡ ಕೂಟದವರು ಈ ವರ್ಷದ ಸಂಚಿಕೆಗೆ ಅಡುಗೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದರು. ನಾನು ಓದಿರುವುದು ಎಂಟನೇ ತರಗತಿ. ನೈರೋಬಿಯ ನ್ಗಾರಾ ಬಡಾವಣೆಯ ಮೂರನೇ ಮಹಡಿಯ ಮನೆಯಲ್ಲಿ ಅಡುಗೆ ಮಾಡಿ, ಕಿಲಿಮಾನಿಯಲ್ಲಿ ಒಂಟಿಯಾಗಿರುವ ನಮ್ಮವರಿಗೆ ಡಬ್ಬಿ ಕಳಿಸುತ್ತೇನೆ. ನಿಮ್ಮಲ್ಲಿ ಅನೇಕರು ನನ್ನ ಹುಳಿ ಉಂಡಿದ್ದೀರಿ, ನನ್ನ ಅಡುಗೆಮನೆಯ ಶುದ್ಧಿಯನ್ನು ಹೊಗಳಿದ್ದೀರಿ. ಆ ಶುದ್ಧಿಯ ಬಗ್ಗೆಯೇ ಬರೆಯುತ್ತಿದ್ದೇನೆ. ಆರು ವರ್ಷ ನನ್ನ ಅಣ್ಣ ತನ್ನ ಹೆಂಡತಿಯನ್ನು ಸೊಕ್ಕಿನವಳು ಎಂದು ನಂಬಿದ. ನಂಬಿಸಿದವಳು ನಾನು.

ಅಣ್ಣ ನೀರಿನ ಯೋಜನೆಗಳ ಕೆಲಸದವನು. ಬ್ಯಾಂಕಾಕಿನಲ್ಲಿದ್ದಾಗ ಅವಳನ್ನು ಮದುವೆಯಾದ. ಆಮೇಲೆ ಅವನಿಗೆ ನೈರೋಬಿಗೆ ವರ್ಗವಾಯಿತು. ನಾನು ಅಷ್ಟರಲ್ಲಾಗಲೇ ಇಲ್ಲಿದ್ದೆ. ನಮ್ಮ ಯಜಮಾನರು ನ್ಗಾರಾದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾರೆ. ಅಣ್ಣ ಬರುತ್ತಾನೆಂದು ಕುಣಿದಾಡಿದೆ. ಜೊತೆಗೆ ಬಂದವಳನ್ನು ನೋಡಿ ಸುಮ್ಮನಾದೆ.

ಸಣ್ಣ ಆಳು. ಜಡೆ ಇಲ್ಲ. ಕೂದಲನ್ನು ಸುತ್ತಿ ಅದಕ್ಕೊಂದು ಪೆನ್ಸಿಲು ಸಿಕ್ಕಿಸಿಕೊಳ್ಳುತ್ತಿದ್ದಳು. ಕುಳಿತವರ ಮುಂದೆ ಹಾದುಹೋಗಬೇಕಾದರೆ ಭುಜ ತಗ್ಗಿಸಿ, ಬಗ್ಗಿಕೊಂಡೇ ಹೋಗುವಳು. ಹಿರಿಯರು ಕುಳಿತಿದ್ದರೆ ಅವರ ತಲೆಗಿಂತ ತನ್ನ ತಲೆ ಎತ್ತರದಲ್ಲಿ ಇರಬಾರದಂತೆ. ಡಬ್ಬಿ ತೊಳೆಯಲು, ತರಕಾರಿ ಹೆಚ್ಚಲು ನಮ್ಮ ಮನೆಗೆ ಬರುವ ವಂಜಿರುವಿನ ಮುಂದೆಯೂ ಅವಳು ಹಾಗೆಯೇ ಬಗ್ಗಿ ಹೋದಳು. ವಂಜಿರು ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಯಾರೂ ತನ್ನ ಮುಂದೆ ಹಾಗೆ ಬಗ್ಗಿದ್ದನ್ನು ಕಾಣದ ವಂಜಿರು ಅವಳಿಗೆ ಬೆನ್ನುನೋವಿರಬೇಕು ಎಂದುಕೊಂಡು ಸ್ಟೂಲು ತಂದಿಟ್ಟಳು.

ಅವಳಿಗೆ ವಿಮಾನ ನಿಲ್ದಾಣದ ದಾರಿಯಲ್ಲಿ, ಹೊರದೇಶಕ್ಕೆ ಹೂ ಕಳಿಸುವ ಒಂದು ಕಡೆ ಹೂ ಆರಿಸುವ ಕೆಲಸ ಸಿಕ್ಕಿತು. ಬೆರಳ ತುಂಬ ಮುಳ್ಳು ಗೀರಿದ ಗಾಯ. ದಂಟು ಗಿಡ್ಡವಾಯಿತೆಂದು ಅಲ್ಲಿ ಬೇಡವಾದ ಗುಲಾಬಿಗಳನ್ನು ಶನಿವಾರ ಒಂದು ಬಕೆಟ್ ತುಂಬ ತರುತ್ತಿದ್ದಳು. ವಂಜಿರು ಅವಳನ್ನು ಮಾಮಾ ಮಾವುವಾ ಎಂದು ಕರೆದಳು. ಹೂವಿನ ಅಮ್ಮ ಎಂದರ್ಥ. ನಾನೂ ಅವಳೂ ಅಡುಗೆಮನೆಯ ನೆಲದ ಮೇಲೆ ಕುಳಿತು ಹೂ ಕಟ್ಟುತ್ತಿದ್ದೆವು. ನಾನು ದಾರದಲ್ಲಿ ಗಂಟು ಹಾಕುತ್ತಿದ್ದೆ. ಅವಳು ಗೇಣುದ್ದದ ಸೂಜಿಗೆ ಎಸಳುಗಳನ್ನು ಮಡಿಸಿ ಮಡಿಸಿ ಪೋಣಿಸುತ್ತಿದ್ದಳು. ನಮ್ಮ ಕೂಟದ ಗಣಪತಿಗೆ ನಾಲ್ಕು ವರ್ಷ ಬಿದ್ದ ಹಾರ ಅವಳ ಕೈಯದು. ನಿಮಗೆ ಅದು ಗೊತ್ತಿರಲಿಲ್ಲ. ಹೇಳಬೇಡ ಎಂದು ಅಣ್ಣನ ಬಾಯಿ ಮುಚ್ಚಿಸಿದವಳು ನಾನೇ. ಮೀನು ತಿನ್ನುವವಳು ಕಟ್ಟಿದ್ದೆಂದು ಗೊತ್ತಾದರೆ ನೀವು ಮೂಗು ಮುರಿಯುತ್ತೀರಿ ಎಂದುಕೊಂಡೆ. ಮುರಿಯುತ್ತಿದ್ದಿರಿ ಕೂಡ.

ಮೊದಲ ಭೇಟಿಯ ಕಥೆಯನ್ನು ಹೇಳಲೇಬೇಕು. ನಮ್ಮ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಸೇರುವುದಿಲ್ಲ ಎಂದು ಅಣ್ಣ ಅವಳಿಗೆ ಹೇಳಿದ್ದ. ಅವಳು ಬೆಳಿಗ್ಗೆಯಿಂದ ಕುಟ್ಟಿ, ಹಸಿ ಪರಂಗಿಕಾಯಿಯ ಕೋಸಂಬರಿ ಮಾಡಿ ತಂದಳು. ಹುಳಿ, ಖಾರ, ಸಿಹಿ ಎಲ್ಲಾ ಹದವಾಗಿತ್ತು. ಅವಳ ಜೊತೆ ಕುಳಿತು ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಈ ಉಪ್ಪಿನ ರುಚಿ ಯಾವುದು ಎಂದು ಕೇಳಿದೆ.

“ಮೀನು ಹಾಕಿಲ್ಲ, ನೋಂಗ್,” ಎಂದಳು ಸಂತೋಷದಿಂದ. ಅವರಲ್ಲಿ ತಂಗಿಯನ್ನು ನೋಂಗ್ ಎನ್ನುತ್ತಾರೆ. “ಮೀನು ನೀರು ಮಾತ್ರ.”

ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ನೀರು. ನಾನು ಬಚ್ಚಲಿಗೆ ಓಡಿ ಕಕ್ಕಿದೆ. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಬೆರಳು ಹಾಕಿ ಕಕ್ಕಿದೆ, ಅವಳಿಗೆ ಕೇಳಿಸಲಿ ಎಂದು. ಅವಳು ಬಾಗಿಲ ಹೊರಗೆ ನಿಂತು “ಸಿಯಾ ಚೈ, ಸಿಯಾ ಚೈ” ಎನ್ನುತ್ತಿದ್ದಳು. ಎದೆ ಕೆಟ್ಟಿತು ಎಂದರ್ಥ ಎಂದು ಅಣ್ಣ ಆಮೇಲೆ ಹೇಳಿದ. ದುಃಖಕ್ಕೆ ಅವರ ಮಾತು ಅದು.

ಅವಳ ತಪ್ಪು ಅಷ್ಟೇ. ಕಣ್ಣಿಗೆ ಕಾಣದ್ದು ಇಲ್ಲ ಎಂದುಕೊಂಡಳು. ಅವಳು ಹೋದ ಮೇಲೆ ನಾನು ನನ್ನ ನೇಲ್ ಪಾಲಿಶ್ ತೆಗೆದು, ಅವಳು ಉಂಡ ಸ್ಟೀಲ್ ತಟ್ಟೆಯ ಹಿಂಬದಿಗೆ ಒಂದು ಕೆಂಪು ಚುಕ್ಕೆ ಇಟ್ಟೆ. ಆ ತಟ್ಟೆಯನ್ನು ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕ, ವಂಜಿರುವಿನ ಚಹಾದ ಮಗ್ಗಿನ ಜೊತೆ ಇಟ್ಟೆ. ವಂಜಿರುವಿನ ಮಗ್ಗು ಅಲ್ಲಿ ಯಾಕಿತ್ತು ಎಂದು ಯಾರೂ ಕೇಳಬೇಡಿ. ನಿಮ್ಮ ಮನೆಯ ಸಿಂಕಿನ ಕೆಳಗೆ ಬಗ್ಗಿ ನೋಡಿಕೊಳ್ಳಿ.

ಆಮೇಲೆ ನಾಲ್ಕು ವರ್ಷ, ಪ್ರತಿ ಶನಿವಾರ, ನಾನು ಅವಳಿಗೆ ಅದರಲ್ಲಿ ಬಡಿಸಿದೆ. ನಗುತ್ತಲೇ ಬಡಿಸಿದೆ. “ಇನ್ನೊಂಚೂರು ಹಾಕ್ಕೊಳಿ ಅತ್ತಿಗೆ” ಎನ್ನುತ್ತಿದ್ದೆ. ಮರ್ಯಾದೆಯ ಮಾತು ಅವಳೆದುರಿಗೆ, ಅಣ್ಣನೆದುರಿಗೆ ಮಾತ್ರ. ಯಜಮಾನರಿಗೆ ಗೊತ್ತಿರಲಿಲ್ಲ, ಅಣ್ಣನಿಗೆ ಗೊತ್ತಿರಲಿಲ್ಲ. ವಂಜಿರುವಿಗೆ ಗೊತ್ತಿತ್ತು.

ಹೂ ಕಟ್ಟುವಾಗ ಅವಳು ತನ್ನ ಭಾಷೆ ಹೇಳಿಕೊಡುತ್ತಿದ್ದಳು. ಕನ್ನಡ, ಸ್ವಾಹಿಲಿ, ಇಂಗ್ಲಿಷ್ ಮೂರನ್ನೂ ಕಲಸಿ ಮಾತನಾಡುತ್ತಿದ್ದಳು. “ನಮ್ಮದು ಎಲ್ಲಾ ಇಲ್ಲಿ” ಎಂದು ಸೂಜಿಯ ತುದಿಯಿಂದ ಎದೆ ತೋರಿಸುವಳು. ಚೈ ಎಂದರೆ ಎದೆಯೂ ಹೌದು, ಮನಸ್ಸೂ ಹೌದು. ಒಳ್ಳೆಯವರಿಗೆ ಎದೆ ಒಳ್ಳೆಯದು, ಚೈ ದೀ. ಮುಂಗೋಪಿಗೆ ಬಿಸಿ ಎದೆ. ಕರುಣೆ ಇಲ್ಲದವರಿಗೆ ಕಪ್ಪು ಎದೆ, ಚೈ ದಮ್. ಕೇಳುವ ಮೊದಲೇ ಮಾಡುವ ಉಪಕಾರಕ್ಕೆ ಎದೆಯ ನೀರು, ನಾಮ್ ಚೈ. ಒಂದು ವಿಷಯ ತಿಳಿಯಿತು ಎನ್ನಬೇಕಾದರೆ ಖಾವ್ ಚೈ, ಅದು ಎದೆಯೊಳಗೆ ಬಂತು ಎನ್ನುತ್ತಾರೆ.

“ತಲೆಯೊಳಗೆ ಬರಲ್ವಾ?” ಎಂದು ಕೇಳಿದೆ.

“ತಲೆಗೆ ಬರೋದು ಫೋನ್ ನಂಬರ್” ಎಂದಳು.

ನಮ್ಮಲ್ಲಿ ಎದೆಗಿಂತ ಹೊಟ್ಟೆಯ ಮಾತೇ ಹೆಚ್ಚು ಎಂದೆ. ಪಕ್ಕದವರ ಏಳಿಗೆ ಕಂಡರೆ ಹೊಟ್ಟೆಕಿಚ್ಚು, ಸಂಕಟವಾದರೆ ಹೊಟ್ಟೆ ಉರಿ, ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುತ್ತೇವೆ. ಕೊನೆಯದನ್ನು ಎರಡು ಸಲ ಬಿಡಿಸಿ ಹೇಳಬೇಕಾಯಿತು. ಅರ್ಥವಾದ ಮೇಲೆ ಅವಳು ನಕ್ಕು ನಕ್ಕು ಸೂಜಿ ಕೆಳಗಿಟ್ಟಳು. “ಅದಕ್ಕೆ ನೀವು ಇಷ್ಟು ಬಡಿಸ್ತೀರ, ನೋಂಗ್. ಮೊದಲೇ ತುಂಬಿಸ್ತೀರ.”

ಅವಳು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಕ್ರೇಂಗ್ ಚೈ. ಇನ್ನೊಬ್ಬರಿಗೆ ತೊಂದರೆಯಾದೀತು ಎಂದು ಎದೆ ಹಿಂಜರಿಯುವುದು. ನಾವು ಅದನ್ನು ಸಂಕೋಚ ಎಂದು ಬಿಟ್ಟುಬಿಡುತ್ತೇವೆ, ಅವರಲ್ಲಿ ಅದು ನಡತೆ. ಕರೆಗಂಟೆ ಒತ್ತಿದರೆ ನಾನು ಒಲೆ ಬಿಟ್ಟು ಬರಬೇಕಲ್ಲ ಎಂದು, ಯಾರಾದರೂ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದಳು. ಅಣ್ಣ ರೇಗಿಸುತ್ತಿದ್ದ: “ಇವಳು ನದಿಲಿ ಮುಳುಗ್ತಾ ಇದ್ರೂ ದಡದಲ್ಲಿರೋರ ನಿದ್ದೆ ಕೆಡುತ್ತೆ ಅಂತ ಕೂಗಲ್ಲ ಪುಟ್ಟಿ.” ನಾವೆಲ್ಲಾ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ನಮ್ಮ ಮನೆಗೆ ಬರುವ ಹಿಂದಿನ ದಿನದಿಂದ ಅವಳು ಬರೀ ಹಣ್ಣು ತಿಂದು ಇರುತ್ತಿದ್ದಳು. ಮೈ ವಾಸನೆ ಬರಬಾರದು ಎಂದು. ಇದನ್ನು ಅಣ್ಣ ತಮಾಷೆಗೆ ಹೇಳಿದ. ಕೇಳಿ ನನಗೆ ಅಯ್ಯೋ ಎನಿಸಲಿಲ್ಲ. ಮಾಡಲಿ, ಮಾಡಬೇಕಾದ್ದೇ ಎನಿಸಿತು. ಈ ಸಾಲನ್ನು ಬರೆಯುವಾಗ ನನ್ನ ಕೈಯೇ ನನಗೆ ನಾರುತ್ತಿದೆ.

ಒಂದು ಯುಗಾದಿಯ ಮುಂಚೆ ನಾನು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡೆ. ಹೋಳಿಗೆಗೆ ಎಷ್ಟೋ ಮನೆಯವರು ಹೇಳಿದ್ದರು. ಯಾರೂ ಕರೆಯದೆ ಅವಳು ನಾಲ್ಕು ದಿನ ಕೆಲಸ ಮುಗಿಸಿ ನೇರವಾಗಿ ಬಂದಳು. ಪಾತ್ರೆ ಉಜ್ಜಿದಳು, ನೆಲ ಒರೆಸಿದಳು, ನನ್ನ ತಲೆ ಬಾಚಿದಳು. ಕಣಕಕ್ಕೆ ಕೈ ಹಾಕಲು ಬಂದಾಗ ಮಾತ್ರ “ನಿಮಗೆ ಸುಸ್ತಾಗುತ್ತೆ ಅತ್ತಿಗೆ, ನೀವು ಡಬ್ಬಿ ಮೇಲೆ ಹೆಸರು ಬರೀರಿ” ಎಂದೆ. ಉಳುಕಿದ ಕೈಯಲ್ಲೇ ಹೋಳಿಗೆ ತಟ್ಟಿದೆ. ಅವಳು ಮೂಲೆಯಲ್ಲಿ ಕುಳಿತು, ನೋಡಿಕೊಂಡು ನೋಡಿಕೊಂಡು, ಕನ್ನಡ ಅಕ್ಷರಗಳಲ್ಲಿ ನಿಮ್ಮ ಹೆಸರುಗಳನ್ನು ಬರೆದಳು. ಅಕ್ಷರ ಎಷ್ಟು ದುಂಡಗಿದೆ ಎಂದು ನೀವು ನನ್ನನ್ನು ಹೊಗಳಿದಿರಿ. ನಾನು ಸುಮ್ಮನೆ ಹೊಗಳಿಸಿಕೊಂಡೆ.

ಆ ನಾಲ್ಕನೆಯ ದಿನ ಅದು ನಡೆಯಿತು. ಊಟವಾದ ಮೇಲೆ ಅವಳು ಎಲ್ಲರ ತಟ್ಟೆಗಳನ್ನು ತೊಳೆದು ಸ್ಟ್ಯಾಂಡಿಗೆ ಜೋಡಿಸುತ್ತಿದ್ದಳು. ಅದುವರೆಗೆ ಅವಳ ತಟ್ಟೆಯನ್ನು ಯಾವಾಗಲೂ ನಾನೇ ಕೈಯಿಂದ ಇಸಿದುಕೊಳ್ಳುತ್ತಿದ್ದೆ, ನೀವು ಕೂತ್ಕೊಳಿ ಎಂದು. ಅವತ್ತು ಹೋಳಿಗೆ ತಟ್ಟಿ ತಟ್ಟಿ ನನಗೆ ಬಲಗೈ ಎತ್ತಲೂ ಆಗುತ್ತಿರಲಿಲ್ಲ. ಕೆಂಪು ಚುಕ್ಕೆಯ ತಟ್ಟೆಯನ್ನು ಅವಳು ಉಳಿದವುಗಳ ಜೊತೆ ಸೇರಿಸಿದಳು. ವಂಜಿರು ಪಕ್ಕದಲ್ಲೇ ಈರುಳ್ಳಿ ಸುಲಿಯುತ್ತಿದ್ದಳು. ಅವಳು ಎದ್ದು ಆ ತಟ್ಟೆಯನ್ನು ತೆಗೆದಳು. ವಂಜಿರುವಿನ ಸ್ವಾಹಿಲಿಯನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಅಲ್ಲಲ್ಲ ಮಾಮಾ ಮಾವುವಾ. ಇದು ಇಲ್ಲಿ, ಕೆಳಗೆ. ನನ್ನದರ ಜೊತೆ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಉಪ್ಪಿನ ಡಬ್ಬಿಯ ಜಾಗ ತೋರಿಸುವ ಹಾಗೆ ತೋರಿಸಿದಳು. ಅತ್ತಿಗೆ ಬಗ್ಗಿ ನೋಡಿದಳು. ಫಿನಾಯಿಲ್, ಒರೆಸುವ ಬಟ್ಟೆ, ವಂಜಿರುವಿನ ಮಗ್ಗು. ತಟ್ಟೆಯನ್ನು ತಿರುಗಿಸಿ ಚುಕ್ಕೆಯನ್ನು ನೋಡಿದಳು. ಉಳಿದ ತಟ್ಟೆಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ತಿರುಗಿ, ಕುದಿಯದ ಹುಳಿಯನ್ನು ಎಡಗೈಯಲ್ಲಿ ತಿರುವತೊಡಗಿದೆ.

“ಖಾವ್ ಚೈ” ಎಂದಳು. ಎದೆಯೊಳಗೆ ಬಂತು. ನನಗಲ್ಲ, ವಂಜಿರುವಿಗೆ ಹೇಳಿದಳು. ತಟ್ಟೆಯನ್ನು ಒರೆಸಿ ಕೆಳಗೆ ಇಟ್ಟಳು. ನೆಲ ಒರೆಸುವುದು ಬಾಕಿ ಇತ್ತು, ಅದನ್ನೂ ಮುಗಿಸಿ ಹೋದಳು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಅಣ್ಣ ಒಬ್ಬನೇ ಬಂದ. ಗುಲಾಬಿಯ ಬಕೆಟ್ ಮಾತ್ರ ಅವನ ಕೈಯಲ್ಲಿ ಕಳಿಸಿದ್ದಳು.

“ಯಾಕೋ ಬರಲ್ಲ ಅಂತಾಳೆ ಪುಟ್ಟಿ. ಏನಾಯ್ತು?”

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಬೇರೆ. “ನಾವು ಓದಿಲ್ಲದೋರು ಅಣ್ಣ. ಅಂಗಡಿಯೋರು. ನಮ್ ಮನೆ ನೆಲದ ಮೇಲೆ ಕೂತ್ಕೊಳಕ್ಕೆ ಅವರಿಗೆ ಎಷ್ಟು ದಿನ ಆಗುತ್ತೆ?” ಕಣ್ಣಲ್ಲಿ ನೀರೂ ಬಂತು. ಕರೆದಾಗ ಬರುತ್ತದೆ ನನಗೆ.

ಅಣ್ಣನದು ಬಿಸಿ ಎದೆ. ಮನೆಗೆ ಹೋಗಿ ಕೂಗಾಡಿದ. ಅವಳು ಕ್ರೇಂಗ್ ಚೈ ಎಂದಷ್ಟೇ ಹೇಳಿದಳಂತೆ. ಕಾರಣ ಹೇಳಿದರೆ ಅಣ್ಣ ತಂಗಿಯ ನಡುವೆ ಕೆಡುತ್ತದೆ, ಅದಕ್ಕೆ ಅವಳ ಎದೆ ಹಿಂಜರಿಯಿತು. ಅಣ್ಣ ಅದನ್ನು ನೆಪ ಎಂದುಕೊಂಡ. “ತೊಂದ್ರೆ ಕೊಡಲ್ಲ ಅನ್ನೋದೂ ಒಂದು ಸೊಕ್ಕೇ ಪುಟ್ಟಿ” ಎಂದು ನನ್ನ ಮುಂದೆ ಹೇಳಿದ. ನಾನು ಅವನಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ. ಎರಡು ವರ್ಷ ಹೀಗೇ ನಡೆಯಿತು. ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಅಣ್ಣ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಲಿಲ್ಲ. ಅಲ್ಲೂ ಸೊಕ್ಕು ತೋರಿಸಿದರೆ ಮಾನ ಹೋಗುತ್ತದೆ ಎಂದ. ಆ ಮಾತಿಗೂ ನಾನು ತಲೆಯಾಡಿಸಿದೆ.

ಅಣ್ಣನ ಇಲ್ಲಿಯ ಕೆಲಸ ಮುಗಿದು ಇಬ್ಬರೂ ಥಾಯ್ಲೆಂಡಿಗೆ ಹೊರಟರು. ಹೊರಡುವ ಹಿಂದಿನ ದಿನ ಅವಳು ಒಬ್ಬಳೇ ಬಂದಳು. ಕರೆಗಂಟೆ ಒತ್ತದೆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕುಳಿತಿದ್ದಳೋ. ಕಸ ಹಾಕಲು ಬಾಗಿಲು ತೆಗೆದವಳು ನಾನೇ. ಅವಳ ಕೈಯಲ್ಲಿ ಒಂದು ಹಾರ ಇತ್ತು. ಒಳಗೆ ಬನ್ನಿ ಎಂದೆ. ಬರಲಿಲ್ಲ.

“ನೋಂಗ್, ನನ್ನ ತಟ್ಟೆ ಕೊಡ್ತೀಯಾ?”

ಯಾವ ತಟ್ಟೆ ಎಂದು ನಾನು ಕೇಳಲಿಲ್ಲ. ಕೇಳದೆ ಹೋಗಿ, ಸಿಂಕಿನ ಕೆಳಗಿನಿಂದ ತೆಗೆದು, ಪತ್ರಿಕೆಯಲ್ಲಿ ಸುತ್ತಿ ಕೊಟ್ಟೆ. ಕೊಡುವಾಗ ಒಂದು ಪೀಡೆ ಹೋಯಿತು ಎಂದು ಹಗುರವಾದದ್ದು ನಿಜ.

ಅವಳು ಹಿಂದೊಮ್ಮೆ ಹೇಳಿಕೊಟ್ಟಿದ್ದ ಇನ್ನೊಂದು ಮಾತು ನೋಯ್ ಚೈ. ಎದೆ ಚಿಕ್ಕದಾಗುವುದು. ಪರರು ಬೈದರೆ ಸಿಟ್ಟು ಬರುತ್ತದೆ, ಎದೆ ಚಿಕ್ಕದಾಗುವುದಿಲ್ಲ. ನಮ್ಮವರು ಎಂದುಕೊಂಡವರು ನಮ್ಮನ್ನು ಕಡೆಗಣಿಸಿದರೆ ಮಾತ್ರ ಆಗುತ್ತದೆ. ಅವತ್ತು ಬಾಗಿಲಲ್ಲಿ ನಿಂತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಎಸಳಿನಷ್ಟು ಜಾಗ ಬಿಟ್ಟು ತೋರಿಸಿದಳು. “ಸ್ವಲ್ಪ ನೋಯ್ ಚೈ, ನೋಂಗ್. ಸ್ವಲ್ಪ ಮಾತ್ರ.” ಹಾರವನ್ನು ನನ್ನ ಕೈಗಿಟ್ಟು, ಕೈ ಮುಗಿದು ಇಳಿದು ಹೋದಳು. ನಾಲ್ಕು ವರ್ಷ ಅಂಥ ತಟ್ಟೆಯಲ್ಲಿ ಉಣಿಸಿದವಳನ್ನು ಅವಳು ತನ್ನವಳು ಎಂದೇ ಲೆಕ್ಕಕ್ಕೆ ಹಿಡಿದಿದ್ದಳು. ಕಪ್ಪು ಎದೆಯವಳು ಎಂದು ಬೈದಿದ್ದರೆ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಅಲ್ಲಿಗೆ ಹೋಗಿ ನಾಲ್ಕು ವರ್ಷವಾದ ಮೇಲೆ, ಈ ವರ್ಷ ಅವಳು ಸತ್ತಳು. ಪಿತ್ತಕೋಶದ ಕಾಯಿಲೆ. ಬೇಗ ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ, ನೋವಿದೆ ಎಂದು ಹೇಳಲಿಲ್ಲ. ಅಣ್ಣ ಫೋನಿನಲ್ಲಿ ಹೇಳಿದ: “ಒಂದು ಸ್ಟೀಲ್ ತಟ್ಟೆ ಪುಟ್ಟಿ, ನಿನ್ನ ಮನೇದಂತೆ. ದಿನಾ ಅದ್ರಲ್ಲೇ ಊಟ. ಬೇರೆದ್ರಲ್ಲಿ ಹಾಕಿದ್ರೆ ಮುಟ್ತಿರಲಿಲ್ಲ. ಹಿಂದೆ ಕೆಂಪು ಚುಕ್ಕೆ ಇದೆ, ಏನದು?”

“ಅಂಗಡಿಯೋರು ಹಾಕಿರ್ತಾರೆ” ಎಂದೆ. ಸತ್ತವಳ ಮೇಲೂ ಒಂದು ಸುಳ್ಳು.

ಹೋದ ಭಾನುವಾರ ಅಣ್ಣ ಬಂದ. ಹಳೆಯ ಆಫೀಸಿನಲ್ಲಿ ಏನೋ ಕೆಲಸವಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಚೀಲದಿಂದ ಆ ತಟ್ಟೆಯನ್ನು ತೆಗೆದ. ಅವಳ ಒಂದು ಬಟ್ಟೆಯಲ್ಲಿ ಸುತ್ತಿದ್ದ. “ಇದರಲ್ಲೇ ಬಡಿಸು” ಎಂದ. ಅನ್ನ, ಹುಳಿ, ಬೀನ್ಸ್ ಪಲ್ಯ ಬಡಿಸಿದೆ. ಯಜಮಾನರು ಊರಲ್ಲಿರಲಿಲ್ಲ. ಎದುರಿಗೆ ಕುಳಿತೆ.

“ನಿನ್ನ ಅಷ್ಟು ಹಚ್ಕೊಂಡಿದ್ಳು. ಆದ್ರೂ ಇಲ್ಲಿದ್ದ ಕೊನೇ ಎರಡು ವರ್ಷ ನಿನ್ನ ಮನೆ ಮೆಟ್ಟಿಲು ಹತ್ತಲಿಲ್ಲ ನೋಡು. ಸಾಯೋವಾಗ್ಲೂ ನಂಗೆ ಅದೇ ಸಿಟ್ಟಿತ್ತು ಪುಟ್ಟಿ. ಎಂಥಾ ಸೊಕ್ಕು.”

ಆಗ ಹೇಳಿದೆ. ನನ್ನ ಎದೆ ಒಳ್ಳೆಯದಾಗಿ ಹೇಳಿದ್ದಲ್ಲ. ಆ ತಟ್ಟೆಯಲ್ಲಿ ಅವನ ಬೆರಳು ಅನ್ನ ಕಲಸುವುದನ್ನು ನೋಡುತ್ತಿದ್ದೆ. ಅವತ್ತು ಬಚ್ಚಲಲ್ಲಿ ಬಂದ ಹಾಗೆಯೇ ಮಾತು ಮೇಲೆ ಬಂತು.

ಅಣ್ಣನ ಕೈ ನಿಂತಿತು. “ಯಾರು ಹಾಕಿದ್ದು ಚುಕ್ಕೆ?”

“ನಾನು.”

“ಅವಳಿಗೆ ಗೊತ್ತಿತ್ತಾ?”

“ಗೊತ್ತಾದ ದಿನವೇ ಬರೋದು ನಿಲ್ಸಿದ್ದು.”

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ತಟ್ಟೆಯಲ್ಲಿದ್ದುದನ್ನು ಉಣ್ಣುತ್ತಾ ಹೋದ. ಮಜ್ಜಿಗೆ ಹಾಕಿಸಿಕೊಂಡು ಒಂದಗುಳೂ ಬಿಡದೆ ಮುಗಿಸಿದ. ಎದ್ದು ತಾನೇ ತೊಳೆದ. ನೀರು ಸೋರುವ ತಟ್ಟೆಯನ್ನು ಹಿಡಿದುಕೊಂಡು ಕೇಳಿದ: “ಎಲ್ಲಿಡ್ತಿದ್ದೆ?”

ನಾನು ತೋರಿಸಿದೆ. ಅವನು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಫಿನಾಯಿಲ್ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ಅಲ್ಲಿಟ್ಟ.

“ಅವಳ ಕೈಯಡುಗೆ ದಿನಾ ತಿಂದೋನು ನಾನು. ಆ ಮೀನಿನ ನೀರು ನನ್ನ ಹೊಟ್ಟೇಲೂ ಇತ್ತು ಪುಟ್ಟಿ. ನಿನ್ನ ಎಲ್ಲಾ ತಟ್ಟೇಲೂ ಉಂಡಿದೀನಿ. ನಂಗ್ಯಾಕೆ ಚುಕ್ಕೆ ಇಡಲಿಲ್ಲ?”

ಅವನು ತಿನ್ನುತ್ತಾನೆಂದು ನನಗೆ ಮೊದಲಿಂದಲೂ ಗೊತ್ತಿತ್ತು. ಅವನ ತಟ್ಟೆಗೆ ಚುಕ್ಕೆ ಇಡಬೇಕೆಂದು ಒಂದು ದಿನವೂ ಅನಿಸಿರಲಿಲ್ಲ.

“ಇನ್ಮೇಲೆ ಬಂದ್ರೆ ನಂಗೆ ಇದರಲ್ಲೇ ಹಾಕು” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ವಂಜಿರು ಬಂದಳು. ಚಹಾ ಕುಡಿಯಲು ಮಗ್ಗು ತೆಗೆಯಲು ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಮುಖ ಅರಳಿಸಿಕೊಂಡು ಕೇಳಿದಳು: “ಮಾಮಾ ಮಾವುವಾ ಬಂದಿದ್ದಾರಾ?” ಅತ್ತಿಗೆ ಸತ್ತ ಸುದ್ದಿಯನ್ನು ನಾನು ಅವಳಿಗೆ ಹೇಳಿರಲಿಲ್ಲ.

“ಇಲ್ಲ. ಅದು ಈಗ ನನ್ನ ಅಣ್ಣನದು.”

“ಓಹೋ. ಅವರೂ ಮೀನು ತಿಂತಾರಾ?”

“ತಿಂತಾನೆ. ಮೊದಲಿಂದಲೂ.”

ವಂಜಿರು ಚಹಾ ಕುಡಿದು, ಮಗ್ಗು ತೊಳೆದಳು. ಅದನ್ನು ಕೆಳಗೆ ಇಡುವಾಗ ಒಂದಿಷ್ಟು ಮೂಲೆಗೆ ಸರಿಸಿ, ಅಣ್ಣನ ತಟ್ಟೆಗೆ ಸರಿಯಾಗಿ ಜಾಗ ಮಾಡಿಕೊಟ್ಟಳು.